ಒಂದು ಗೋಡೆಯ ಪಕ್ಕಾ ಮನೆ

“ಏ ಮುದುಕಿ, ಸರಿ ಆ ಕಡೆ. ಫೋಟೋಕ್ಕ ಗ್ವಾಡಿ ಬೇಕು, ನಿನ್ನ ಮಾರಿ ಅಲ್ಲ.”

ಯಂಕವ್ವ ಸರಿದಳು. ಸರ್ಕಾರಿ ಮನೆಗೆ ಅರ್ಜಿ ಹಾಕಿದವರ ಗುಡಿಸಲು ನೋಡಲು ಬಂದಿದ್ದ ಶಿವಯೋಗೀಶ ಸಾಹೇಬರು ಮೂಗಿಗೆ ಕರ್ಚೀಫು ಹಿಡಿದುಕೊಂಡೇ ಮೊಬೈಲ್ ಎತ್ತಿದರು. ಗೋಪನಕೊಪ್ಪದ ಅಂಚಿನ ಆ ಗುಡಿಸಲಿಗೆ ಮೂರು ಕಡೆ ತಗಡು. ನಾಲ್ಕನೆಯ ಕಡೆ ಮಾತ್ರ ಇಟ್ಟಿಗೆಯ ಗೋಡೆ. ಗಂಡ ಗೋವಿಂದಪ್ಪ ಗೌಂಡಿ. ಯಂಕವ್ವ ಅವನ ಕೈಕೆಳಗೆ ಇಟ್ಟಿಗೆ ಹೊರುವವಳು. ಮಂದಿಯ ಮನೆ ಕಟ್ಟುವಲ್ಲಿ ಉಳಿದ ಒಡಕು ಇಟ್ಟಿಗೆ, ಚೀಲದ ತಳದ ಸಿಮೆಂಟು ಕೂಡಿಸಿ ಏಳು ವರ್ಷದಲ್ಲಿ ಎಬ್ಬಿಸಿದ ಗೋಡೆ ಅದು. ಸಾಹೇಬರು ಬರುತ್ತಾರೆಂದು ನಿನ್ನೆಯಷ್ಟೇ ಸುಣ್ಣ ಬಳಿದಿದ್ದಳು.

“ಉಳಿದ ಮೂರು ಕಡೆನೂ ತಗೀರಿ ಯಪ್ಪಾ.”

“ಆ್ಯಪ್‌ನ್ಯಾಗ ಒಂದ ಗ್ವಾಡಿ ಕೇಳತೈತಿ. ಚಂದ ಇದ್ದದ್ದ ತಗದೇನಿ, ಖುಷಿ ಪಡು.”

ಅವಳು ಖುಷಿಪಟ್ಟಳು. ಚಹಾ ತರಿಸಿದಳು.

“ಅಂಗಡಿ ಚಹಾರಿ, ನಮ್ಮನೀದಲ್ಲ.”

“ಕಪ್ಪು ಯಾರ ಮನೀದು?”

ಯಂಕವ್ವ ಚಾಚಿದ ಕಪ್ಪನ್ನು ಹಿಂದಕ್ಕೆ ತೆಗೆದುಕೊಂಡಳು. ಸಾಹೇಬರು ಗಾಡಿ ಹತ್ತಿದರು.

ತಿಂಗಳ ಮೇಲೆ ಯಾದಿ ಬಂತು. ಅವಳ ಹೆಸರಿನ ಮುಂದೆ ಬರೆದಿತ್ತು: ಪಕ್ಕಾ ಮನೆ ಇದೆ, ಅನರ್ಹ.

“ಆ ಗ್ವಾಡಿ ಇರೂತನಾ ಏನೂ ಆಗಂಗಿಲ್ಲ,” ಎಂದರು ಸಾಹೇಬರು ಕಚೇರಿಯಲ್ಲಿ, ತಲೆಯೆತ್ತದೆ.

ಗಂಡ ಹೆಂಡತಿ ಅದೇ ಸಂಜೆ ಕೆಡವಲು ನಿಂತರು. ಎರಡು ತಾಸು ಹಿಡಿಯಿತು. ಗೋವಿಂದಪ್ಪನಿಗೆ ಸಿಟ್ಟಿಗಿಂತ ಹೆಮ್ಮೆಯೇ ಹೆಚ್ಚು. “ಸೂಳೇಮಗಂದು, ಬೀಳವಲ್ದು ನೋಡ! ಎಂಥಾ ಗಟ್ಟಿ ಕಟ್ಟೇನಿ!”

ಮರುದಿನ ಬೆಳಿಗ್ಗೆ ಯಂಕವ್ವ ಮತ್ತೆ ಹೋದಳು. “ಗ್ವಾಡಿ ಕೆಡವೇವ್ರಿ. ಬಂದ ನೋಡ್ರಿ.”

“ಒಮ್ಮೆ ಏರಿಸಿದ ಫೋಟೋ ಇಳಿಯಂಗಿಲ್ಲ. ಆ್ಯಪ್‌ನ್ಯಾಗ ನಿನ್ನ ಗ್ವಾಡಿ ಇನ್ನೂ ಐತಿ.”

“ನೆಲದ ಮ್ಯಾಲೆ ಇಲ್ಲಲ್ರಿ!”

“ನೆಲದ ಮ್ಯಾಗಿಂದು ತಗೊಂಡ ನಾ ಏನ್ ಮಾಡ್ಲಿ? ನಡಿ, ನಡಿ. ನಿಮ್ಮ ಮಂದಿಗೆ ಬಂಗ್ಲೆ ಕೊಟ್ರೂ ಕೊಳಗೇರಿನ ಮಾಡ್ತೀರಿ.”

ಮಧ್ಯಾಹ್ನ ಗಂಡ ಹೆಂಡತಿ ಕೈಗಾಡಿ ತಳ್ಳಿಕೊಂಡು ಕಚೇರಿಗೆ ಬಂದರು. ಕೆಡವಿದ ಗೋಡೆಯ ಅರ್ಧ ಅದರಲ್ಲಿತ್ತು. ಒಂದು ಪುಟ್ಟಿ ಸಿಮೆಂಟಿಗೆ ನಾಲ್ಕು ಪುಟ್ಟಿ ಉಸುಕು, ಕಚೇರಿಯದೇ ನಳದ ನೀರು. ಸಾಹೇಬರು ಬಾಗಿಲಿಗೆ ಬೆನ್ನು ಮಾಡಿ ಫೋನಿನಲ್ಲಿ ನಗುತ್ತಿದ್ದರು. ಗೋವಿಂದಪ್ಪ ಅವರ ಕೋಣೆಯ ಹೊಸ್ತಿಲಿಗೆ ಮಟ್ಟದ ದಾರ ಹಿಡಿದ. ಯಂಕವ್ವ ಇಟ್ಟಿಗೆ ಕೊಟ್ಟಳು. ಇಟ್ಟಿಗೆಯ ಮೂರು ವರಸೆ ಏರಿದ ಮೇಲೆ ಸಾಹೇಬರು ತಿರುಗಿದರು.

“ಏನ್ ಮಾಡಾಕತ್ತೀರಲೇ, ಬೋಳೀಮಕ್ಳ?”

“ಗ್ವಾಡಿ ಕಟ್ಟಾಕತ್ತೇವ್ರಿ,” ಎಂದಳು ಯಂಕವ್ವ.

“ಪೊಲೀಸರನ್ನ ಕರಸ್ತೇನಿ!”

“ಕರಸ್ರಿ, ಅವರೂ ನೋಡ್ಲಿ. ಇದು ನಿಮ್ಮ ಆ್ಯಪ್‌ನ್ಯಾಗಿನ ಗ್ವಾಡಿರಿ, ನೆಲದ ಮ್ಯಾಲೆ ಇಲ್ಲ. ಹಂಗ ನಡದ ಬರ್ರಿ ಹೊರಗ.”

ಅರ್ಜಿ ಹಿಡಿದು ಸಾಲಿನಲ್ಲಿ ನಿಂತವರು ಗೊಳ್ಳೆಂದು ನಕ್ಕರು. ಹಮಾಲಿ ಅರ್ಜುನಪ್ಪ ತನ್ನ ಅರ್ಜಿಯನ್ನು ಮಡಚಿ ಕಿಸೆಗಿಟ್ಟು, ಗಾಡಿಯಿಂದ ಒಂದು ಇಟ್ಟಿಗೆ ಎತ್ತಿ ಮುಂದಿನವಳ ಕೈಗೆ ಕೊಟ್ಟ. ಅವಳು ಅದನ್ನು ಯಂಕವ್ವನ ಕೈಗೆ ಕೊಟ್ಟಳು. ಸಾಲು ಹೊರಳಿ ಕೈಗಾಡಿಯ ತನಕ ಬೆಳೆಯಿತು.

ಪೊಲೀಸರಿಗೆ ಫೋನು ಹತ್ತಲಿಲ್ಲ. ಸಾಹೇಬರು ದಾಟಲೆಂದು ಕಾಲೆತ್ತಿದರು. ಗೋಡೆ ಆಗಲೇ ಮೊಣಕಾಲಿಗೆ ಬಂದಿತ್ತು. ಇಸ್ತ್ರಿಯ ಪ್ಯಾಂಟಿಗೆ ಹಸಿ ಸಿಮೆಂಟು ಹತ್ತೀತೆಂದು ಕಾಲನ್ನು ಹಿಂದಕ್ಕೆ ಎಳೆದುಕೊಂಡರು.

ಗೋವಿಂದಪ್ಪ ಏಳನೆಯ ವರಸೆಗೆ ದಾರ ಏರಿಸಿದ.