ಮುದುಕಿ ಇನ್ನೂ ಇಳಿದಿಲ್ಲ

ಬೆಟ್ಟದಿಂದ ವರ್ಷಕ್ಕೊಮ್ಮೆ ಜಾರಿಬರುವ ಹಿಮರಾಶಿಗೆ ಓಬರ್‌ಮಟ್ ಊರಿನವರು ಇಟ್ಟ ಹೆಸರು ಮುದುಕಿ. ಅವಳು ಇಳಿಯುವವರೆಗೆ ಕೆಳಗಿನ ಊರಿನ ದಾರಿ ಬಂದ್. ಇಳಿದಳೆಂದರೆ ಕ್ಯಾಸ್ಪರಜ್ಜ ಇಗರ್ಜಿಯ ಗಂಟೆಯನ್ನು ಮೂರು ಸಲ ಬಾರಿಸುತ್ತಾನೆ. ಆಮೇಲೆ ಬೇಸಿಗೆಯವರೆಗೆ ಯಾರೂ ತಲೆಯೆತ್ತಿ ಬೆಟ್ಟ ನೋಡುವುದಿಲ್ಲ.

ಆ ಶನಿವಾರ ಬೆಳಿಗ್ಗೆ ಗಂಟೆ ಮೂರು ಸಲ ಮೊಳಗುತ್ತಲೇ ಫಿಲೊಮಿನಾ, ಆಗಷ್ಟೇ ದಾರಿಗೆ ಜಾರಿಬಿದ್ದ ಹಿಮವನ್ನು ಸಲಿಕೆಯಿಂದ ಕೆದಕತೊಡಗಿದಳು. ದಿನಾ ಹಿಮದ ಆಳ ಅಳೆದು ಕಚೇರಿಗೆ ಫೋನ್ ಮಾಡುವುದು ಅವಳ ಕೆಲಸ. ಐದು ಕಡೆ ಅಗೆದಳು. ಎಲ್ಲ ಕಡೆ ಬೆಳ್ಳಗೆ, ಹಿಟ್ಟಿನಂತೆ. ಮುದುಕಿ ಬರುವುದು ತುದಿಯ ದೊಡ್ಡ ತಗ್ಗಿನಿಂದ. ಬರುವಾಗ ಅಲ್ಲಿಯ ಕಪ್ಪು ಚಪ್ಪಡಿಗಳನ್ನು ಎಳೆದು ತರದೆ ಇರುವುದಿಲ್ಲ. ಇದರಲ್ಲಿ ಒಂದು ಚೂರೂ ಇರಲಿಲ್ಲ. ಇದು ಪಕ್ಕದ ಇಳಿಜಾರಿನ ಹಿಮ. ಮುದುಕಿ ಇನ್ನೂ ಮೇಲೆಯೇ ಕೂತಿದ್ದಾಳೆ.

ಅವಳು ಇಗರ್ಜಿಗೆ ಓಡಿದಳು. ಬಾಗಿಲಲ್ಲಿ ತಮ್ಮ ಥಿಯೊ ಹೊಸ ಕೋಟು ತೊಟ್ಟು, ಟೋಪಿಗೆ ಹೂ ಸಿಕ್ಕಿಸಿ ನಿಂತಿದ್ದ. ಹನ್ನೊಂದಕ್ಕೆ ಅವನ ಮದುವೆ. ಮದುಮಗಳು ವೆರೆನಾ ಕೆಳಗಿನ ಊರಿನಿಂದ ನಡೆದು ಬರಬೇಕು.

"ಅಜ್ಜ, ಯಾಕೆ ಬಾರಿಸ್ದೆ? ಅದು ಮುದುಕಿ ಅಲ್ಲ!"

"ನಲವತ್ತು ವರ್ಷದಿಂದ ಬಾರಿಸ್ತಿದೀನಿ ಕಣೇ," ಎಂದ ಕ್ಯಾಸ್ಪರ್. "ನೀನು ಅಳತೆ ಕೋಲು ಹಿಡಿದು ಎರಡು ಚಳಿಗಾಲ ಆಯ್ತು."

"ಕಲ್ಲು ನೋಡಿದ್ಯಾ?"

ಮುದುಕ ಮದುವೆಗೆ ತಡವಾಗಬಾರದೆಂದು, ಸದ್ದು ಕೇಳಿದ್ದೇ ಹಗ್ಗಕ್ಕೆ ಕೈ ಹಾಕಿದ್ದ. "ನೋಡ್ಲಿಲ್ಲ."

ಪಾದ್ರಿಗಳ ಮನೆಯಿಂದ ಫೋನ್ ಮಾಡಿದರು. ವೆರೆನಾಳ ಮನೆಯಲ್ಲಿ ಯಾರೂ ಎತ್ತಲಿಲ್ಲ. ಗಂಟೆ ಕೇಳಿ ದಿಬ್ಬಣ ಹೊರಟಾಗಿತ್ತು. ಅರ್ಧ ಗಂಟೆಯಲ್ಲಿ ಎಲ್ಲರೂ ಮುದುಕಿಯ ಕಾಲಡಿ.

"ನಾನು ಓಡ್ತೀನಿ," ಎಂದ ಥಿಯೊ.

"ಓಡು. ನೀನೂ ಅದರ ಕೆಳಗೇ ದಾಟಬೇಕು. ಮದುವೆ ಊಟ ನಾವು ಉಳಿದವರು ಮಾಡ್ತೀವಿ."

"ತಮಾಷೆ ಮಾಡೋ ಹೊತ್ತೇನೇ ಅಕ್ಕ ಇದು?"

"ಅಜ್ಜ, ಬಾರಿಸಿದ ಗಂಟೆ ವಾಪಸ್ ತಗೊಳೋಕೆ ಏನು ಬಾರಿಸ್ಬೇಕು?"

"ಅದಕ್ಕೆ ಗಂಟೆ ಇಲ್ಲ."

"ಬೆಂಕಿ ಗಂಟೆ?" ಎಂದ ಥಿಯೊ.

"ದಡ್ಡ, ಬೆಂಕಿ ಅಂದ್ರೆ ಇನ್ನೂ ಜೋರಾಗಿ ಓಡಿ ಬರ್ತಾರೆ."

ಫಿಲೊಮಿನಾಗೆ ತನ್ನ ಚಿಕ್ಕಮ್ಮನ ಮದುವೆ ನೆನಪಾಯಿತು; ಅವತ್ತು ಸಾವಿನ ಗಂಟೆ ಕೇಳಿ ದಿಬ್ಬಣ ಅರ್ಧ ದಾರಿಯಿಂದಲೇ ತಿರುಗಿತ್ತು. ಸಾವಿನ ಗಂಟೆ ಕಿವಿಗೆ ಬಿದ್ದರೆ ಈ ಕಣಿವೆಯ ಮದುಮಗಳು ಮುಂದೆ ಹೆಜ್ಜೆ ಇಡುವುದಿಲ್ಲ, ಮನೆಗೆ ತಿರುಗುತ್ತಾಳೆ.

"ಸಾವಿನ ಗಂಟೆ ಬಾರಿಸು."

"ನನ್ನ ಮದುವೆ ದಿನಾನಾ?" ಥಿಯೊ ಕಿರುಚಿದ.

"ಸುಮ್ಸುಮ್ನೆ ಬಾರಿಸೋ ಹಾಗಿಲ್ಲ," ಎಂದ ಕ್ಯಾಸ್ಪರ್. "ಹೆಸರು ಬೇಕು."

"ನನ್ನ ಹೆಸರಿಗೆ ಬಾರಿಸು."

"ವಯಸ್ಸಿನಷ್ಟು ಪೆಟ್ಟು ಕಣೇ. ನಿಂದು ಮೂವತ್ತಾರಕ್ಕೇ ಮುಗಿದುಹೋಗುತ್ತೆ. ನಂಗೆ ಎಂಬತ್ತೊಂದು. ತಪ್ಪೂ ನಂದೇ."

ಅವನು ಹಗ್ಗ ಹಿಡಿದ. ಅಕ್ಕ ತಮ್ಮ ಬಾಗಿಲಲ್ಲಿ ನಿಂತು ಕೆಳಗಿನ ದಾರಿ ನೋಡುತ್ತ ಪೆಟ್ಟು ಎಣಿಸಿದರು. ನಲವತ್ತನೆಯದಕ್ಕೆ ಕೆಳಗೆ ಮಂಜು ಸರಿಯಿತು. ತಿರುವಿನಲ್ಲಿ ಕಪ್ಪು ಚುಕ್ಕೆಗಳ ಸಾಲು ನಿಂತಿತ್ತು. ಐವತ್ತಕ್ಕೆ ಸಾಲು ಹಿಂದಕ್ಕೆ ತಿರುಗಿತು. ಒಂದು ಬಿಳಿ ಚುಕ್ಕೆ ಮಾತ್ರ ಸ್ವಲ್ಪ ಹೊತ್ತು ಅಲ್ಲೇ ಇತ್ತು. ಆಮೇಲೆ ಅದೂ ತಿರುಗಿತು. ಥಿಯೊ ಟೋಪಿಯ ಹೂವನ್ನು ಹಿಸುಕಿ ಪುಡಿ ಮಾಡಿದ್ದ. ಕ್ಯಾಸ್ಪರ್ ಎಂಬತ್ತೊಂದನ್ನೂ ಬಾರಿಸಿಯೇ ಹಗ್ಗ ಬಿಟ್ಟ.

ಹತ್ತೂಮುಕ್ಕಾಲಿಗೆ ಮುದುಕಿ ಇಳಿದಳು. ಕಿಟಕಿಗಳು ಗದಗದ ನಡುಗಿದವು. ಬಾಗಿಲಿನಷ್ಟು ಅಗಲದ ಕಪ್ಪು ಚಪ್ಪಡಿಗಳು ದಾರಿಯ ಮೇಲೆ ಬಿದ್ದವು. ಅವುಗಳ ಕೆಳಗೆ ಯಾರೂ ಇರಲಿಲ್ಲ.

ಸಂಜೆ ಪಾದ್ರಿಗಳ ಮನೆಯ ಫೋನ್ ಬಡಿದುಕೊಂಡಿತು. ವೆರೆನಾ.

"ಯಾರು ಹೋದ್ರು?"

"ಕ್ಯಾಸ್ಪರಜ್ಜ," ಎಂದಳು ಫಿಲೊಮಿನಾ.

"ಅಯ್ಯೋ ದೇವರೇ! ಮಣ್ಣು ಯಾವಾಗ?"

"ಗೊತ್ತಿಲ್ಲಮ್ಮ. ಸದ್ಯಕ್ಕೆ ನಿನ್ನ ಮದುವೆ ಊಟದ ಮೂರನೇ ತಟ್ಟೆ ಖಾಲಿ ಮಾಡ್ತಿದಾನೆ."

ಆ ಕಡೆಯಿಂದ ನಗುವೋ ಅಳುವೋ ತಿಳಿಯದ ಸದ್ದು. ಥಿಯೊ ಫೋನ್ ಕಿತ್ತುಕೊಂಡ.

"ವೆರೆನಾ, ನೀನು ಅಲ್ಲೇ ಇರು. ದಾರಿ ತೋಡ್ಕೊಂಡು ನಾನೇ ಬರ್ತೀನಿ."

ಹೊಸ ಕೋಟು ಬಿಚ್ಚಿ ಅಕ್ಕನ ಕೈಗೆ ಕೊಟ್ಟು, ಅವಳ ಸಲಿಕೆ ತೆಗೆದುಕೊಂಡು ಹೊರಟ.