ಒರೆಸಿ ಕೊಟ್ಟ ಕಂಪ್ಯೂಟರ್

"ಅತ್ತೆ, ಕಂಪ್ಯೂಟರ್ ಒರೆಸಿ ಕೊಟ್ರಿ ತಾನೇ?" ಪುಣೆಯಿಂದ ಬಂದ ಜಯಸಿಂಹ ಹೆಗಲ ಚೀಲ ಇಳಿಸುವ ಮೊದಲೇ ಕೇಳಿದ. ಅವನು ನನ್ನ ಅಣ್ಣನ ಮಗ, ಚೆಂಬೂರಿನ ನಮ್ಮ ಕನ್ನಡ ಸಂಘದ ಕಾರ್ಯದರ್ಶಿ.

"ಮೂರು ಸಲ ಒರೆಸಿದೀನಿ ಕಣೋ. ಆಯುಧಪೂಜೆ ಕುಂಕುಮ ಸಂದಿಗೊಂದಿಯಲ್ಲೆಲ್ಲ ಕೂತಿತ್ತು. ಮೊದಲು ಒದ್ದೆ ಬಟ್ಟೆ, ಆಮೇಲೆ ಒಣ ಬಟ್ಟೆ. ಫಳಫಳ ಅಂತಿತ್ತು," ಎಂದೆ.

ಅವನ ಮುಖ ಬಿಳಚಿಕೊಂಡಿತು. "ಹೊರಗಡೆ ಅಲ್ಲ ಅತ್ತೆ, ಒಳಗಡೆ! ಸ್ಲೇಟು ಒರೆಸೋ ಹಾಗೆ. ಅದಕ್ಕೇ ತಾನೇ ಮೇಜಿನ ಮೇಲೆ ಫ್ಲಾಪಿ ಇಟ್ಟು ಹೋಗಿದ್ದು?"

ಪುಣೆಯ ಎಸ್‌ಟಿಡಿ ಬೂತಿನಿಂದ ಅವನು ಕೂಗಿದ್ದರಲ್ಲಿ ನನಗೆ ಕೇಳಿಸಿದ್ದು "ಒರೆಸಿ ಕೊಡಿ" ಅನ್ನುವುದಷ್ಟೇ. ನಲವತ್ತು ವರ್ಷ ಅಡುಗೆಕಟ್ಟೆ ಒರೆಸಿದವಳಿಗೆ ಆ ಮಾತಿಗೆ ಇನ್ನೊಂದು ಅರ್ಥ ಎಲ್ಲಿಂದ ಹೊಳೆಯಬೇಕು?

ಸಂಘದಲ್ಲಿ ವಧೂವರರ ಕೆಲಸ ನನ್ನದು. ಮುನ್ನೂರ ಹನ್ನೆರಡು ಮನೆಗಳ ವಿವರ ಆ ಹಳೆಯ ಕಂಪ್ಯೂಟರಿನಲ್ಲಿತ್ತು. ನಕ್ಷತ್ರ, ಎತ್ತರ, ನೌಕರಿ. ಎಲ್ಲಕ್ಕಿಂತ ಕೊನೆಯಲ್ಲಿ ಜನ ನನ್ನ ಕಿವಿಯಲ್ಲಷ್ಟೇ ಹೇಳಿದ ಮಾತು. ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ ನಾನೇ ಕುಟ್ಟಿದ್ದೆ. ಹೊಸ ಕಂಪ್ಯೂಟರ್ ಬಂತೆಂದು, ವಿವರವನ್ನೆಲ್ಲ ಅದಕ್ಕೆ ನಕಲು ಮಾಡಿ, ಹಳೆಯದನ್ನು ದಸರೆಯ ಮಾರನೆಯ ದಿನ ಭಾಂಡುಪಿನ ಹೋಟೆಲಿನ ರಮಾನಾಥರಿಗೆ ಕೊಟ್ಟುಬಿಟ್ಟಿದ್ದೆವು. ಬೇರೆ ಯಾರಿಗೇ ಕೊಟ್ಟಿದ್ದರೂ ನನ್ನ ಎದೆ ಹೀಗೆ ಹೊಡೆದುಕೊಳ್ಳುತ್ತಿರಲಿಲ್ಲ.

ಯಾಕೆಂದರೆ ಆಂಟಾಪ್ ಹಿಲ್‌ನ ಪ್ರಫುಲ್ಲಾಳಿಗೆ ಇದೇ ರಮಾನಾಥರ ಅಕ್ಕನ ಮಗನ ಜೊತೆ ನಾಳೆ ನಿಶ್ಚಿತಾರ್ಥ. ಅವಳಿಗೆ ಹಿಂದೊಂದು ಮದುವೆಯಾಗಿ ಮೂರೇ ತಿಂಗಳಲ್ಲಿ ಮುರಿದಿತ್ತು. ಹುಡುಗನಿಗೂ ಅವನ ತಾಯಿಗೂ ಅದು ಗೊತ್ತಿತ್ತು, ಒಪ್ಪಿಗೆಯೂ ಇತ್ತು. ಸೋದರಮಾವನಿಗೆ ಮಾತ್ರ ಹೇಳಬೇಡಿ ಎಂದವಳು ನಾನು. ಬೆಳಗ್ಗೆ ಇಡ್ಲಿ ಹೊತ್ತಿಗೆ ರಮಾನಾಥರ ಕಿವಿಗೆ ಬಿದ್ದದ್ದು ಮಧ್ಯಾಹ್ನ ಊಟದ ಹೊತ್ತಿಗೆ ಇಡೀ ಭಾಂಡುಪಿಗೆ ಬಡಿಸಿಯಾಗಿರುತ್ತದೆ. "ಇನ್ನೊಂದು ಸಲ ನಾಲ್ಕು ಜನರ ಬಾಯಿಗೆ ಬಿದ್ದರೆ ನಾನು ತಡೆಯಲಿಕ್ಕಿಲ್ಲ ಆಂಟಿ," ಎಂದು ಪ್ರಫುಲ್ಲಾ ನನ್ನ ಕೈ ಹಿಡಿದು ಹೇಳಿದ್ದಳು.

ಚಪ್ಪಲಿ ಮೆಟ್ಟಿದವಳೇ ಹೊರಟೆ. ಕುರ್ಲಾದಲ್ಲಿ ಗಾಡಿ ಬದಲಿಸಲು ಸೇತುವೆ ಹತ್ತಿ ಇಳಿದು, ಹೊರಡುತ್ತಿದ್ದ ಸ್ಲೋ ಲೋಕಲ್‌ನ ಜನರಲ್ ಡಬ್ಬಿಗೆ ಜಯಸಿಂಹನ ಹಿಂದೆಯೇ ನುಗ್ಗಿದೆ. ಐವತ್ತೆಂಟರ ಮಂಡಿಗಳಿಗೆ ಅಂದು ನೋವೇ ಮರೆತುಹೋಗಿತ್ತು. ಹೆದರಿಕೆಯ ಜೊತೆಗೆ ಒಂಥರಾ ಹುರುಪೂ ಇತ್ತು, ಸುಳ್ಳೇಕೆ ಹೇಳಲಿ.

"ಗುಂಡಿ ಒತ್ತಿ ಡಿಲೀಟ್ ಮಾಡಿದರೆ ಆಯ್ತಲ್ಲೋ?"

"ಅದು ಬಾಗಿಲಿನ ಹೆಸರಿನ ಬೋರ್ಡು ಕಿತ್ತ ಹಾಗೆ ಅತ್ತೆ. ಮನೆಯವರು ಒಳಗೇ ಇರ್ತಾರೆ. ಈ ಫ್ಲಾಪಿ ಎಲ್ಲದರ ಮೇಲೂ ಸೊನ್ನೆ ಬರೆಯುತ್ತೆ."

ಗಾಡಿ ಘಾಟ್ಕೋಪರಿನಲ್ಲಿ ನಿಂತರೂ ಸಿಟ್ಟು, ವಿಕ್ರೋಳಿಯಲ್ಲಿ ನಿಂತರೂ ಸಿಟ್ಟು ನನಗೆ. ಸ್ಲೋ ಲೋಕಲ್ ಇನ್ನೇನು ಮಾಡೀತು, ಪಾಪ.

ಹೋಟೆಲಿನ ಗಲ್ಲಾದ ಪಕ್ಕದಲ್ಲೇ ಕಂಪ್ಯೂಟರ್ ಕೂತಿತ್ತು. ಪರದೆಯ ಮೇಲೆ ಹಸಿರು ಅಕ್ಷರಗಳು.

"ಬನ್ನಿ ಸರಸ್ವತಿ ಅಕ್ಕ, ಎಂತ ಇಷ್ಟು ಅವಸರ?" ಎಂದರು ರಮಾನಾಥ.

"ಏನಿಲ್ಲ, ಇದರದೊಂದು ಸಣ್ಣ ರಿಪೇರಿ ಉಳಿದಿತ್ತು," ಎಂದು ರೈಲು ಬಿಟ್ಟೆ.

ಅವರು ಮರುಮಾತಿಲ್ಲದೆ ಕುರ್ಚಿ ಬಿಟ್ಟುಕೊಟ್ಟರು. ಜಯಸಿಂಹ ಫ್ಲಾಪಿ ತೂರಿಸಿದ. ಪರದೆಯಲ್ಲಿ ಅಂಕಿ ಏರತೊಡಗಿತು. ಹತ್ತು, ಇಪ್ಪತ್ತೈದು, ನಲವತ್ತು. ಯಾರಾದರೂ ವೈರು ಎಡವಿಯಾರೆಂದು ನಾನು ಕಾವಲು ನಿಂತೆ. ನೂರು ಆದಾಗ ಜಯಸಿಂಹ, "ಮುಗೀತು ಅತ್ತೆ, ಒಂದಕ್ಷರ ಉಳಿದಿಲ್ಲ," ಎಂದ. ಗೆದ್ದೆ ಅನ್ನಿಸಿತು. ಖುಷಿಗೆ ಮಸಾಲೆದೋಸೆ ಹೇಳಿ ಕೂತೆ.

ದೋಸೆಯ ತಟ್ಟೆಯನ್ನು ರಮಾನಾಥರೇ ತಂದಿಟ್ಟು ಎದುರಿಗೆ ಕೂತರು. "ನನ್ನ ಬಗ್ಗೆ ಬರೆದದ್ದೂ ಹೋಯಿತಾ ಅಕ್ಕ?" ಎಂದರು ಮೆಲ್ಲಗೆ.

"ಏನು ಬರೆದದ್ದು?" ಎಂದೆ ದೋಸೆ ಮುರಿಯುತ್ತ.

"ಪ್ರಫುಲ್ಲಾನ ಹೆಸರಿನ ಎದುರು ಇತ್ತಲ್ಲ. 'ಸೋದರಮಾವ ರಮಾನಾಥ ಬಾಯಿ ಸಡಿಲ, ತಿಳಿಯಬಾರದು' ಅಂತ. ಅದರ ಮೇಲಿನ ಸಾಲೂ ಓದಿದೆ. ಕಂಪ್ಯೂಟರ್ ಬಂದ ದಿನವೇ."

"ಯಾರ್ಯಾರಿಗೆ ಹೇಳಿದಿರಿ?" ಎಂದು ಕೇಳಿದೆ.

"ಎಂಟು ದಿನ ಆಯಿತು. ನಿಮ್ಮ ಕಿವಿಗೆ ಬಂತಾ?"

ಬಂದಿರಲಿಲ್ಲ.

"ಹೆಂಡತಿ ನೀಲಾವತಿಗೂ ಹೇಳಲಿಲ್ಲ. ನಾಳೆ ನಿಶ್ಚಿತಾರ್ಥಕ್ಕೆ ಮಲ್ಲಿಗೆ ತರುವವ ನಾನೇ." ಚಟ್ನಿಯ ಬಟ್ಟಲನ್ನು ನನ್ನತ್ತ ಸರಿಸಿದರು. "ಆದರೆ ಅಕ್ಕ, ಆ ಹುಡುಗಿ ಗುಟ್ಟು ಕೊಟ್ಟದ್ದು ನಿಮ್ಮ ಕೈಗೆ, ನನ್ನ ಕೈಗಲ್ಲ."

ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ ನನಗೆ. ದೋಸೆ ಅರ್ಧಕ್ಕೇ ಬಿಟ್ಟೆ.

ಮಾರನೆಯ ದಿನ ನಿಶ್ಚಿತಾರ್ಥ ಮುಗಿಸಿ ನೇರ ಸಂಘಕ್ಕೆ ಹೋಗಿ ಹೊಸ ಕಂಪ್ಯೂಟರ್ ತೆರೆದೆ. ಅದರಲ್ಲೂ ಅವೇ ಸಾಲುಗಳಿದ್ದವು. ಪ್ರಫುಲ್ಲಾಳ ಮಾತನ್ನು ಪೂರ್ತಿ ಒರೆಸಿದೆ. 'ಬಾಯಿ ಸಡಿಲ' ಎಂಬುದನ್ನು ಹಾಗೇ ಬಿಟ್ಟು, ಅದರ ಹಿಂದಿದ್ದ ಹೆಸರು ತೆಗೆದು ನನ್ನ ಹೆಸರು ಬರೆದೆ.