ಕನ್ನಡಕದಂಗಡಿಯ ಕಡಲು

ಮಾಗಿಯ ಮಂಜು ಹೇಮಾವತಿಯ ಮೈಮೇಲಿನಿಂದ ಮೆಲ್ಲಮೆಲ್ಲನೆ ಸರಿದು, ಹೊಳೆನರಸೀಪುರದ ನರಸಿಂಹನ ಗುಡಿಗೋಪುರಕ್ಕೆ ಎಳೆಬಿಸಿಲಿನ ಕುಂಕುಮಲೇಪನವಾಗುವ ಹೊತ್ತು... ತೆಂಗಿನ ಗರಿಗಳಿಂದ ಇಬ್ಬನಿ ಹನಿಹನಿಯಾಗಿ ಜಾರುತ್ತಿತ್ತು. ಹಾಸನದ ಹಾದಿಯುದ್ದಕ್ಕೂ ರಾಗಿ ಕೊಯ್ದ ಹೊಲಗಳು ಹೊಂಬಣ್ಣದ ಮೌನದಲ್ಲಿ ಮಲಗಿದ್ದವು. ಬಸ್ಸಿನ ಕಿಟಕಿಗೆ ಹಣೆಯಾನಿಸಿ ಕುಳಿತ ಸರಸಳಿಗೆ ಮಾತ್ರ ಆ ಸೊಬಗೆಲ್ಲ ಮಸುಕು ಮಸುಕು. ಸಹೃದಯರೇ, ಅದು ಮಂಜಿನ ಮಾಯೆಯಲ್ಲ; ಅವಳ ಕನ್ನಡಕ ಮುರಿದಿತ್ತು!

ಹೊಸ ಸಹಸ್ರಮಾನದ ಮೊದಲ ವರ್ಷಗಳವು. ಸರಸ ಹೈಸ್ಕೂಲಿನಲ್ಲಿ ಸಂಸ್ಕೃತ ಕಲಿಸುತ್ತಿದ್ದಳು. ಮದುವೆಯಾದ ವರ್ಷದೊಳಗೇ ಗಂಡನನ್ನು ಕಳೆದುಕೊಂಡು, ಹೊಳೆನರಸೀಪುರದಲ್ಲಿ ಅಣ್ಣನ ಮನೆ ಸೇರಿದವಳು. “ಇವಳ ಕೈಗುಣ ಸರಿಯಿಲ್ಲ” ಎಂದು ಅತ್ತೆಮನೆಯವರು ಅಂದ ಮಾತು ಎದೆಯಲ್ಲಿ ಮುಳ್ಳಾಗಿ ಉಳಿದು, ಸಸಿ ನೆಡುವಲ್ಲಿ, ತೊಟ್ಟಿಲು ತೂಗುವಲ್ಲಿ ತಾನಾಗಿಯೇ ಹಿಂದೆ ಸರಿಯುವುದನ್ನು ಅವಳು ಕಲಿತಿದ್ದಳು.

ಹಾಸನದಲ್ಲಿ ಗಿರಿಧರನೆಂಬಾತನ ಕನ್ನಡಕದಂಗಡಿಯಲ್ಲಿ ಹೊಸ ಕನ್ನಡಕ ಧರಿಸಿ ಕಣ್ತೆರೆದಾಗ ಮೊದಲು ಕಂಡದ್ದು ಮೇಜಿನ ಮೇಲಿನ ಗಾಜಿನ ತೊಟ್ಟಿ. ಹಾರ್ಮೋನಿಯಂ ಪೆಟ್ಟಿಗೆಯಷ್ಟೇ ಗಾತ್ರ. ಬೆಳ್ಳನೆಯ ಮರಳು, ತೂತುತೂತಾದ ಕಲ್ಲುಗಳು, ನೀಲದೀಪದಡಿ ಬೆಳದಿಂಗಳನ್ನೇ ಕರಗಿಸಿಟ್ಟಂತಹ ನೀರು!

“ಮೀನುಗಳೆಲ್ಲಿ?” ಎಂದಳು.

“ಇದು ಕಡಲಿನ ನೀರು, ಉಪ್ಪು ಬೆರೆಸಿ ನಾನೇ ಮಾಡಿದ್ದು. ಕಲ್ಲಿನಲ್ಲಿ ಕಣ್ಣಿಗೆ ಕಾಣದ ಜೀವಗಳಿವೆ. ಅವು ನೀರನ್ನು ಹದ ಮಾಡಿದ ಮೇಲೆಯೇ ಮೀನು.”

ಗಿರಿಧರ ನಡುವಯಸ್ಸಿನ ಅವಿವಾಹಿತ. ಮಂಗಳೂರಿನಲ್ಲಿ ಓದಿ ಬಂದವನು. ಅಲ್ಲಿನ ಕಡಲನ್ನು ಮರೆಯಲಾರದವನು.

ಆಮೇಲೆ ಸರಸಳ ಕನ್ನಡಕದ ತಿರುಪು ಪದೇ ಪದೇ ಸಡಿಲವಾಗತೊಡಗಿತು! ಮೆಟ್ಟಿಲ ಬಳಿ ಹೂ ಮಾರುವ ಬೆಟ್ಟಮ್ಮ ನಗುತ್ತಿದ್ದಳು: “ಮೀನೇ ಇಲ್ದಿರೋ ನೀರ್ನ ಅದೇನ್ ಅಂಗೆ ನೋಡ್ತೀರವ್ವಾ?”

ಫಾಲ್ಗುಣದಲ್ಲಿ ಬಸವನಹುಳುಗಳು ಬಂದವು. ಎಳೆಗೂಸಿನ ಬೆರಳುಗಳಂತೆ ತೊನೆಯುವ ಹಸಿರು ಮೆದುಹವಳ ಬಂತು. ಕೊನೆಗೆ, ಸಂಜೆಬಾನಿನ ತುಣುಕಿಗೆ ಬಿಳಿಯ ಪಟ್ಟಿ ಕಟ್ಟಿದಂತಹ ಒಂದು ಪುಟ್ಟ ಮೀನು... ಇಬ್ಬರೂ ಅದನ್ನೇ ನೋಡುತ್ತ ಕೂರುತ್ತಿದ್ದರು.

ಬೇಸಿಗೆ ರಜೆಯಲ್ಲಿ ಗಿರಿಧರನ ಅಕ್ಕನಿಗೆ ಕಾಯಿಲೆಯಾಗಿ ಅವನು ಮೈಸೂರಿಗೆ ಹೊರಟ. ಅಂಗಡಿಯ ಬೀಗದಕೈಯನ್ನು ಸರಸಳಿಗೆ ಕೊಟ್ಟು, “ಸೆಕೆಗೆ ನೀರು ಆವಿಯಾಗಿ ಆರುತ್ತೆ. ಆರಿದಷ್ಟು ಸಿಹಿನೀರು ಹಾಕಿ, ಸಾಕು” ಎಂದ.

ಆದರೆ ಸರಸಳ ಮನಸ್ಸು ತಡೆಯಲಿಲ್ಲ. ದಿನವೂ ಸಿಹಿನೀರು ಸುರಿದರೆ ಕಡಲು ಸಪ್ಪೆಯಾಗದೇ? ಪಾಪದ ಜೀವ ಸೊರಗದೇ? ಅಕ್ಕರೆಯಿಂದ ದಿನದಿನವೂ ಉಪ್ಪು ಕದಡಿ ಸುರಿದಳು. ಗಿರಿಧರ ಮರಳಿದ ದಿನ ಹವಳ ಮುದುಡಿತ್ತು; ಮೀನು ಸತ್ತು ಮರಳ ಮೇಲೆ ಮಲಗಿತ್ತು.

“ಎಲ್ಲರೂ ಹೇಳಿದ್ದೇ ನಿಜ... ನನ್ನ ಕೈ ಸೋಕಿದ್ದು ಬದುಕುವುದಿಲ್ಲ!”

ಗಿರಿಧರ ನೀರಿನ ಉಪ್ಪಿನಂಶ ಅಳೆದು ನೋಡಿದ. “ಉಪ್ಪು ಬೆರೆಸಿ ಹಾಕಿದಿರಾ?”

ಅವಳು ಹೌದೆಂದು ತಲೆಯಾಡಿಸಿದಳು.

“ಆರುವುದು ನೀರು ಮಾತ್ರ. ಉಪ್ಪು ತೊಟ್ಟಿಯಲ್ಲೇ ಉಳಿಯುತ್ತೆ. ಅದು ಹೆಚ್ಚಾಯಿತು, ಅಷ್ಟೇ. ನಿಮ್ಮ ಕೈಯಲ್ಲಿ ಏನೂ ದೋಷವಿಲ್ಲ ಸರಸ ಅವರೇ.”

ಎಂತಹ ಸರಳವಾದ ಮಾತು! ವಿಧಿ, ಕರ್ಮ, ಋಣ ಎಂದು ಸಂತೈಸಿದವರು ಎಷ್ಟೋ ಮಂದಿ. ಕಾರಣ ಹೇಳಿದವನು ಇವನೊಬ್ಬನೇ. ಹಳೆಯ ದುಃಖವೆಲ್ಲ ಆ ಮಧ್ಯಾಹ್ನ ಅವಳ ಕಣ್ಣಿಂದ ಹರಿಯಿತು.

ಮುಂದಿನ ದಿನಗಳಲ್ಲಿ ಇಬ್ಬರೂ ಸೇರಿ ಲೋಟ ಲೋಟವಾಗಿ ಉಪ್ಪುನೀರು ತೆಗೆದು, ಅಷ್ಟಷ್ಟೇ ಸಿಹಿನೀರು ತುಂಬಿದರು. ಒಂದು ಬೆಳಗ್ಗೆ ಹವಳ ಬೆರಳು ಬಿಚ್ಚಿತು! ಗಿರಿಧರ ಬೆಂಗಳೂರಿನಿಂದ ಹೊಸ ಮೀನು ತಂದು, ಅದಿದ್ದ ನೀರಿನ ಪ್ಲಾಸ್ಟಿಕ್ ಚೀಲವನ್ನು ಸರಸಳ ಕೈಗಿತ್ತ.

“ನೀವೇ ಬಿಡಿ.”

ಅವಳು ಚೀಲವನ್ನು ತೊಟ್ಟಿಯಲ್ಲಿ ತೇಲಿಬಿಟ್ಟು, ತೊಟ್ಟಿಯ ನೀರನ್ನು ಸ್ವಲ್ಪ ಸ್ವಲ್ಪವೇ ಅದಕ್ಕೆ ಬೆರೆಸಿ, ಬಹಳ ಹೊತ್ತಿನ ನಂತರ ಚೀಲವನ್ನು ನೀರಿನೊಳಗೆ ಓರೆಮಾಡಿ ಅಂಗೈ ಒಡ್ಡಿದಳು. ಮೀನು ಒಂದು ಕ್ಷಣ ಅವಳ ಅಂಗೈ ಮೇಲೆ ನಿಂತು, ಥಟ್ಟನೆ ಹವಳದ ನೆರಳಿಗೆ ನುಸುಳಿತು.

“ನನ್ನ ಮನೆಗೂ ಬರುತ್ತೀರಾ... ಸರಸ?” ಗಿರಿಧರನ ದನಿ ತಗ್ಗಿತ್ತು.

ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳದೆಯೇ ಅವಳೆಂದಳು, “ಬರುತ್ತೇನೆ. ಅಣ್ಣನಿಗೆ ನಾನೇ ಹೇಳುತ್ತೇನೆ.”

ಮನುಷ್ಯಹೃದಯ ಎಷ್ಟು ವಿಚಿತ್ರ! ಒಂದು ಕಟುನುಡಿಗೆ ಅಂಜಿ ಅರ್ಧ ಆಯುಷ್ಯವನ್ನೇ ಕಳೆದುಬಿಡುತ್ತದೆ. ಮತ್ತೆಂದೋ ಮೃದುವಾದ ಒಂದು ನಿಜ ಕಿವಿಗೆ ಬಿದ್ದರೆ, ಅಂಜಿದ್ದೇಕೆಂದು ತನ್ನನ್ನೇ ಕೇಳಿಕೊಂಡು, ನಾಚುತ್ತ, ಬೆರಗಾಗುತ್ತ, ಬಾಳಿಗೆ ಮರಳಿ ಬರುತ್ತದೆ...